ಚಿಗರಿಯ ಹೊಟ್ಟೆಯೊಳಗಿನ ಕಾವಲು

ಸೊಂಟದೆತ್ತರ ಹುಲ್ಲು ಬೆಳೆದ ಒಂದು ದೊಡ್ಡ ಬಯಲು, ಮಕ್ಕಳೇ. ಅಲ್ಲಿ ಒಂದು ಚಿಗರಿ ಇದ್ದಳು. ಚಿಗರಿ ಅಂದರೆ ಕೃಷ್ಣಮೃಗ, ಜಿಂಕೆಯಂಥದ್ದು. ಹೆಣ್ಣು ಗೋಧಿ ಬಣ್ಣ, ಗಂಡು ಕರಿ ಬಣ್ಣ, ತಲೆಯ ಮೇಲೆ ತಿರುಚಿದ ಕೊಂಬು. ಈ ಚಿಗರಿಗೆ ಚೊಚ್ಚಲ ಬಸುರು. ಗಂಡ ದೂರದ ಮಂದೆಯವನು. ಅವಳು ಒಳ್ಳೆಯವಳೇ, ಆದರೆ ಯಾರು ಹೆದರಿಸಿದರೂ ಹೆದರುವವಳು.

ಅದೇ ಬಯಲಿನಲ್ಲಿ ಹಲ್ಲು ಸವೆದ ಒಂದು ನರಿ. ಓಡಿ ಹಿಡಿಯಲು ಕೈಲಾಗದು. ಬಸುರಿಗೆ ತವರಿನವರು ಬಯಕೆಯ ತಿನಿಸು ತರುತ್ತಾರಲ್ಲ, ನರಿ ಆ ರೂಢಿಯನ್ನೇ ಹಿಡಿಯಿತು. ಒಂದು ಕಟ್ಟು ಸೊಪ್ಪು ಕಚ್ಚಿಕೊಂಡು ಬಂದಿತು.

"ತಂಗೀ, ನನ್ನನ್ನು ತವರಿನ ಅಣ್ಣ ಅಂದುಕೋ. ಬಯಕೆ ತಂದಿದ್ದೇನೆ."

"ನರಿಯ ಬಯಕೆ ಚಿಗರಿಗೆ ಯಾಕಣ್ಣ?" ಎಂದು ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ನಿನ್ನ ಕೂಸು ಉಳಿಯಲಿ ಅಂತ. ಹೋದ ತಿಂಗಳು ನಿನ್ನ ಕಾಲಿಗೆ ಮುಳ್ಳು ಚುಚ್ಚಿ, ಕೀವಾಗಿ, ಹೊರಗೆ ಬಿತ್ತಲ್ಲ? ನೂಕಿದವರು ಯಾರು?"

"ಯಾರು?"

"ನಿನ್ನ ರಕ್ತದಲ್ಲಿ ಓಡಾಡುವ ಕಾವಲುಗಾರರು! ಒಳಗೆ ಬಂದವರನ್ನೆಲ್ಲ ತಡೆದು, 'ನೀನು ಯಾರ ಮನೆಯವನು?' ಎಂದು ಮೂಸಿ ನೋಡುತ್ತಾರೆ. ತಮ್ಮವನಲ್ಲ ಅಂದರೆ ಮುಗಿಸಿಬಿಡುತ್ತಾರೆ. ನಿನ್ನ ಕೂಸು ಅರ್ಧ ನಿನ್ನದು, ಅರ್ಧ ಆ ಕರಿಯನದು. ಒಂದು ಚೂರು ಮುಳ್ಳನ್ನೇ ಬಿಡದವರು ಇದನ್ನು ಬಿಡುತ್ತಾರೆಯೇ?"

ಚಿಗರಿ ಹಿಂದೆ ಸರಿದಿದ್ದ ಎರಡು ಹೆಜ್ಜೆ ಮುಂದೆ ಬಂದಳು. "ಏನು ಮಾಡಲಿ ಅಣ್ಣಾ?"

"ಈ ಸೊಪ್ಪು ತಿನ್ನು. ಕಾವಲುಗಾರರು ನಿದ್ದೆ ಹೋಗುತ್ತಾರೆ. ವಿಷವಲ್ಲಮ್ಮ, ನೋಡು, ನಾನೂ ತಿನ್ನುತ್ತೇನೆ," ಎಂದು ನರಿ ಒಂದು ಬಾಯಿ ಅಗಿದು ನುಂಗಿತು.

ಹೀಗೇ ಐದು ದಿನ. ಅವಳು ಒಂದು ಬಾಯಿ, ನಂಬಿಸಲು ನರಿ ಒಂದು ಬಾಯಿ. ಆರನೆಯ ದಿನ ಚಿಗರಿಯ ಹಿಂಗಾಲಿಗೆ ಜಾಲಿ ಮುಳ್ಳು ತಗುಲಿತು. ಕೀವು ಬರಲಿಲ್ಲ, ಮುಳ್ಳು ಹೊರಬೀಳಲಿಲ್ಲ, ಬಾವು ಮೊಣಕಾಲಿಗೇರಿತು. ಅವಳು ಕುಂಟತೊಡಗಿದಳು. ಹೊಟ್ಟೆಯೊಳಗಿನ ಮಿಸುಕಾಟವೂ ಸಣ್ಣದಾಯಿತು. ನರಿ ಜಾಲಿ ಪೊದೆಯ ಹಿಂದೆ ಕೂತು, 'ಇನ್ನು ಮೂರು ನಾಲ್ಕು ದಿನ' ಎಂದು ತುಟಿ ನೆಕ್ಕಿಕೊಂಡಿತು.

ನರಿ ಮತ್ತೆ ಸೊಪ್ಪು ತರಲು ಹೋದ ಹೊತ್ತಿಗೆ ಮೊಲದಜ್ಜಿ ಆ ಕಡೆ ಬಂದಳು. ಎಷ್ಟೋ ಬಾಣಂತನ ಕಂಡವಳು.

"ಏನೇ ಇದು, ಬಸುರಿ ಕುಂಟುತ್ತಿದ್ದೀ? ಬಾಯಲ್ಲೇನದು?"

ಚಿಗರಿ ಅಳುತ್ತಾ ಎಲ್ಲ ಹೇಳಿದಳು.

"ಅಯ್ಯೋ ನನ್ನ ಮಂಕೇ! ನರಿ ಯಾವಾಗ ಸೂಲಗಿತ್ತಿಯಾಯಿತು? ಉಗುಳು ಅದನ್ನು, ಅಮಲಿಳಿದು ಅವರು ಏಳಲಿ. ಈಗ ಕತ್ತು ಬಗ್ಗಿಸಿ ನಿನ್ನ ಹೊಟ್ಟೆಗೆ ಕಿವಿಯಿಡು. ಉಸಿರು ಬಿಗಿಹಿಡಿ."

ಚಿಗರಿ ಕಿವಿಯಿಟ್ಟಳು. ಮೊದಲು ದೂರದ ಹೊಳೆಯಂಥ ಸದ್ದು. ಆಮೇಲೆ, ಗರ್ಭದ ಬಾಗಿಲಲ್ಲಿ ಯಾರೋ ಆಕಳಿಸಿ ಏಳುವುದು ಕೇಳಿಸಿತು.

"ಏಳ್ರೋ, ಐದು ದಿನದ ಕೆಲಸ ನಿಂತಿದೆ! ಕೂಸಿಗೆ ರಕ್ತ ಸಾಲುತ್ತಿಲ್ಲ. ಕಾಲುವೆ ಇನ್ನೂ ಅಗಲವಾಗಬೇಕು."

"ನಾಯಕರೇ," ಹೊಸ ಕಾವಲುಗಾರನೊಬ್ಬ ಕೇಳಿದ, "ಈ ಕೂಸಿನ ಮೈಯಲ್ಲಿ ಪರಮಂದೆಯ ವಾಸನೆ ಇದೆಯಲ್ಲ?"

"ಇದೆ. ಮೊದಲ ದಿನವೇ ಮೂಸಿದ್ದೇನೆ. ನಮ್ಮ ವಾಸನೆಯೂ ಇದೆ. ಇಂಥವನು ಈ ಬಾಗಿಲಿಗೆ ಬಂದಾಗ ಈಟಿ ಕೆಳಗಿಡಬೇಕು, ಗುದ್ದಲಿ ಹಿಡಿಯಬೇಕು. ನನಗೆ ಯಾರೂ ಹೇಳಿಕೊಡಲಿಲ್ಲ, ನನ್ನ ಹಿಂದಿನವನಿಗೂ ಯಾರೂ ಹೇಳಿಕೊಡಲಿಲ್ಲ. ಅಗಿ!"

ಆಗ ಕಾಲುವೆ ಅಗೆಯುವ ಸದ್ದು. ಹೊಳೆ ತುಂಬಿ ಹರಿಯುವ ಸದ್ದು. ಅದರ ನಡುವೆ ಟುಕ್ ಟುಕ್ ಎಂದು ಒಂದು ಪುಟ್ಟ ಎದೆ.

ಚಿಗರಿ ತಲೆಯೆತ್ತಲಿಲ್ಲ. "ಅಜ್ಜೀ, ನಾನು ಯಾರಿಗೆ ಹೆದರಿದೆನೋ ಅವರೇ ನನ್ನ ಕೂಸಿಗೆ ಉಣಿಸುತ್ತಿದ್ದರು. ನಾನೇ ಅವರನ್ನು ಮಲಗಿಸಿದೆ," ಎಂದಳು. ಮೊಲದಜ್ಜಿ ಉಗುಳಿದ ಸೊಪ್ಪನ್ನು ಮಣ್ಣಿಗೆ ತುಳಿದಳು.

ಮೂರು ದಿನದಲ್ಲಿ ಕೀವು ಬಂದು ಮುಳ್ಳು ಬಿತ್ತು, ಬಾವು ಇಳಿಯಿತು. ಆ ಮೂರು ದಿನವೂ ಅವಳು ನರಿಯ ಮುಂದೆ ಕುಂಟುತ್ತಾ, ಅದು ಕೊಟ್ಟ ಸೊಪ್ಪನ್ನು ಮರೆಯಲ್ಲಿ ಉಗುಳುತ್ತಿದ್ದಳು; ನರಿ ಮಾತ್ರ ಎಂದಿನಂತೆ ತನ್ನ ಬಾಯಿ ನುಂಗುತ್ತಿತ್ತು. ನಾಲ್ಕನೆಯ ದಿನ ಅವಳು ಕುಂಟಿಯೆಂದೇ ನಂಬಿ ಅದು ಪೊದೆಯಿಂದ ಹಾರಿತು. ಚಿಗರಿ ಆಳೆತ್ತರ ನೆಗೆದು ಹೋದಳು. ನರಿ ಬಿದ್ದದ್ದು ಜಾಲಿ ಮುಳ್ಳಿನ ಮೇಲೆ. ಒಂದು ಮುಳ್ಳು ಪಂಜದಲ್ಲಿ ಮುರಿಯಿತು.

"ಏಳಿ, ನೂಕಿ!" ಎಂದು ತನ್ನ ಕಾವಲುಗಾರರನ್ನು ಕೂಗಿತು ನರಿ. ಯಾರು ಏಳುತ್ತಾರೆ? ದಿನವೂ ಒಂದು ಬಾಯಿ ತಿಂದಿತ್ತಲ್ಲ! ಬಾವು ಹೊತ್ತು ಕುಂಟುತ್ತಾ ಬಯಲು ಬಿಟ್ಟು ಹೋದದ್ದು ಮತ್ತೆ ಬರಲಿಲ್ಲ.

ದಿನ ತುಂಬಿ ಕೂಸು ಹುಟ್ಟಿತು. ಬಣ್ಣ ಅವ್ವನದು, ನಡೆಯುವ ಠೀವಿ ಅಪ್ಪನದು. ಚಿಗರಿ ಅದನ್ನು ನೆಕ್ಕುತ್ತಾ, "ಇನ್ನು ನನ್ನ ಹೊಟ್ಟೆ ಖಾಲಿ ಅಜ್ಜೀ," ಎಂದಳು.

"ಎಲ್ಲಿ ಖಾಲಿ?" ಎಂದಳು ಮೊಲದಜ್ಜಿ. "ಕೂಸಿನ ನಾಲ್ಕು ಜೀವಕಣ ನಿನ್ನ ರಕ್ತದಲ್ಲೇ ಉಳಿದಿವೆ. ಕಾವಲುಗಾರರು ಅವನ್ನೂ ಇರಗೊಡುತ್ತಾರೆ. ನೀನು ಮುದುಕಿಯಾದರೂ ಇರುತ್ತವೆ."

ಚಿಗರಿ ಮತ್ತೆ ಕತ್ತು ಬಗ್ಗಿಸಿ ಕಿವಿಯಿಟ್ಟಳು.

ನೀತಿ: ನಮ್ಮನ್ನು ಕಾಯುವವರ ಮೇಲೆ ಯಾರಾದರೂ ಅನುಮಾನ ಹುಟ್ಟಿಸಿದರೆ, ಹೆದರುವ ಮೊದಲು ಕಿವಿಯಿಟ್ಟು ಕೇಳಬೇಕು; ತಡೆಯಲು ಬಲ್ಲ ಕೈಗೆ ಸಾಕಲೂ ಗೊತ್ತಿರುತ್ತದೆ.