ನೆಲಕ್ಕಿಳಿಯದ ವೀಣೆ

ಕೆರೆಯ ದಂಡೆಯ ಹೆಂಚಿನ ವಿಠ್ಠಲ ಮಂದಿರದಲ್ಲಿ ಪರಮಪೂಜ್ಯ ಮಾರುತೆಪ್ಪ ಮಹಾರಾಜರು ನೆಲೆಸಿದ್ದ ಕಾಲವದು. ಒಂದು ಕಂಬಳಿ, ಒಂದು ತಂಬಿಗೆ, ಭಜನೆಗೆ ಹೆಗಲಿಗೇರಿಸುವ ಒಂದು ಪುಟ್ಟ ವೀಣೆ, ಇಷ್ಟೇ ಅವರ ಸಂಸಾರ. ಆಗ ಭಜನೆಯ ಸಪ್ತಾಹ ನಡೆದಿತ್ತು. ಸಪ್ತಾಹ ಮುಗಿಯುವವರೆಗೆ ವೀಣೆ ನೆಲ ಮುಟ್ಟಬಾರದು. ಅದನ್ನು ಹೆಗಲಿಗೆ ಹಾಕಿಕೊಂಡವರು ದೀಪದ ಸುತ್ತ ನಡೆಯುತ್ತಲೇ ಇರಬೇಕು, ಇನ್ನೊಬ್ಬರು ಬಂದು ಇಸಿದುಕೊಳ್ಳುವ ತನಕ ಕೂಡ್ರುವಂತಿಲ್ಲ.

ಒಂದು ಸಂಜೆ ಅರಳೆ ವ್ಯಾಪಾರಿ ದುಂಡಪ್ಪ ಸಾವುಕಾರರ ಟಾಂಗಾ ಮಂದಿರ ಹತ್ತುವ ಪಾವಟಿಗೆಯ ತನಕ ಬಂದು ನಿಂತಿತು. ಅರವತ್ತು ದಾಟಿದ, ಗಾದಿ ಬಿಟ್ಟು ಏಳದ ಮನುಷ್ಯ. ಮೈಯಲ್ಲಿ ಸಕ್ಕರೆ ರೋಗ. ಇದೇ ರೋಗಕ್ಕೆ ಅಣ್ಣನ ಕಾಲು ಕತ್ತರಿಸಿದ್ದನ್ನು ಕಣ್ಣಾರೆ ಕಂಡಿದ್ದರು. ಈಗ ತಮ್ಮ ಪಾದಕ್ಕೂ ಜೋಮು ಹಿಡಿಯತೊಡಗಿತ್ತು. "ಉಂಡ ಮ್ಯಾಲೆ ಅಡ್ಡಾಡ್ರಿ" ಎಂದ ಡಾಕ್ಟರರಿಗೆ "ನಾನೇನು ಟಪಾಲಿನಾಂವ ಏನ್ರೀ?" ಎಂದು ನಕ್ಕಿದ್ದರು. ಸಾಧುಗಳ ಮೇಲೂ ನಂಬಿಗೆ ಅಷ್ಟಕ್ಕಷ್ಟೇ. ಆದರೆ ಹೆದರಿಕೆ ಕೇಳಬೇಕಲ್ಲ! ಪ್ರಸಾದಕ್ಕೆ ಒಲ್ಲೆ ಅನ್ನಬಾರದೆಂದು ಬೆಲ್ಲದ ಗೋದಿ ಹುಗ್ಗಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡು, ವೀಣೆ ಹೊತ್ತು ದೀಪ ಸುತ್ತುತ್ತಿದ್ದ ಮಹಾರಾಜರಿಗೆ ಕೈಮುಗಿದರು.

"ಅಜ್ಜಾರ, ಕಾಲಿಗೆ ಹಚ್ಚಾಕ ಒಂದೀಟು ಅಂಗಾರದ ಬೂದಿ ಕೊಡ್ರಿ. ನನ್ನ ಕಾಲು ಉಳೀಬೇಕು."

ಮಹಾರಾಜರು ಕರುಣೆಯಿಂದ ನೋಡಿದರು. ತಮ್ಮ ಹೆಗಲ ವೀಣೆಯನ್ನು ತೆಗೆದು ಸಾವುಕಾರರ ಹೆಗಲಿಗೆ ಹಾಕಿದರು. "ಇದನ್ನೀಟು ಹಿಡಿಯಪ್ಪಾ, ಬಂದೆ" ಎಂದವರೇ ಸ್ನಾನಕ್ಕೆ ಕೆರೆಯ ಕಡೆ ನಡೆದುಬಿಟ್ಟರು.

ಸಾವುಕಾರರು ಕಕ್ಕಾಬಿಕ್ಕಿಯಾದರು. ಯಾರಾದರೂ ಇಸಿದುಕೊಂಡಾರೇನೋ ಎಂದು ಅತ್ತಿತ್ತ ನೋಡಿದರೆ, ಭಜನೆಯವರೆಲ್ಲ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ವಿಠ್ಠಲಾ! ಒಳಗೊಳಗೇ ಬೈದುಕೊಳ್ಳುತ್ತ ಹೆಜ್ಜೆ ಇಟ್ಟರು. ಮೊದಮೊದಲು ಬರೀ ಏದುಸಿರು, ಬೆವರು. ಬರಬರುತ್ತ ತಾಳಕ್ಕೆ ಕಾಲು ತಾನೇ ಬೀಳತೊಡಗಿತು. ಧೂಪದ ಹೊಗೆಯಲ್ಲಿ ದೀಪ ಮಸುಕಾಯಿತು. ತಾವು ನಿಂತಲ್ಲೇ ನಿಂತು, ಮಂದಿರವೇ ಮೆಲ್ಲಗೆ ತಿರುಗುತ್ತಿರುವಂತೆ ಅನಿಸಿತು. ಮುಂದೆ ಯಾರೋ ನಡೆಯುತ್ತಿದ್ದರು. ಅಣ್ಣ! ಎರಡೂ ಕಾಲಿನಿಂದ ನಡೆಯುತ್ತಿದ್ದ. ಸಾವುಕಾರರಿಗೆ ಅಳು ಉಕ್ಕಿ ಬಂತು.

ಒದ್ದೆ ಪಂಚೆಯಲ್ಲಿ ಮರಳಿದ ಮಹಾರಾಜರು ಕೈಚಾಚಿದಾಗಲೇ ಅವರಿಗೆ ಎಚ್ಚರ. ವೀಣೆ ಇಸಿದುಕೊಳ್ಳುತ್ತ ಮಹಾರಾಜರು ಅಂದರು: "ಸಪ್ತಾಹ ನಾಳೆ ಮುಗೀತೈತಿ. ಉಂಡ ಮ್ಯಾಲಿನ ಪಾಳಿ ನಿಂದು, ಅದು ಮುಗಿಯೂದಿಲ್ಲ. ಮನೀ ಅಂಗಳದಾಗೂ ಇದು ಹೆಗಲ ಮ್ಯಾಲೆ ಐತಿ ಅಂತ ತಿಳಕೋ."

ಮಾರನೆಯ ದಿನ ಉಂಡು ಕೈತೊಳೆದ ಸಾವುಕಾರರು ಗಾದಿಯ ಕಡೆ ಹೋಗಲಿಲ್ಲ. ಇಲ್ಲದ ವೀಣೆಯನ್ನು ಎದೆಗವಚಿಕೊಂಡವರಂತೆ ಅಂಗಳ ಸುತ್ತಿದರು. ಓಣಿಯವರು "ಸಾವುಕಾರ್ರಿಗೆ ತಲಿ ಕೆಟ್ಟೈತಿ" ಎಂದು ನಕ್ಕರು, ನಗಲಿ ಬಿಡಿ. ಡಾಕ್ಟರರ ಔಷಧಿಯನ್ನೂ ಬಿಡದೆ ತೆಗೆದುಕೊಂಡರು. ರೋಗ ಪೂರಾ ಹೋಗಲಿಲ್ಲ, ಆದರೆ ಹದಕ್ಕೆ ಬಂತು.

ಹಲವು ವರ್ಷಗಳ ಮೇಲೆ ಮಹಾರಾಜರು ದೇಹ ಬಿಟ್ಟರು. ಅಂತಿಮ ಮೆರವಣಿಗೆಯಲ್ಲಿ ಮುದುಕರಿಗೆಂದು ಟಾಂಗಾ ತಂದು ನಿಲ್ಲಿಸಿದ್ದರು. ದುಂಡಪ್ಪ ಸಾವುಕಾರರು ಅದರತ್ತ ತಿರುಗಿಯೂ ನೋಡಲಿಲ್ಲ. ಗುರುಗಳ ವೀಣೆಯನ್ನು ಹೆಗಲಿಗೆ ಹಾಕಿಕೊಂಡು, ಕೆರೆಯ ದಂಡೆಯುದ್ದಕ್ಕೂ ಎಲ್ಲರಿಗಿಂತ ಮುಂದೆ ನಡೆದರು. ಅರ್ಧ ದಾರಿಯಲ್ಲಿ ಯಾರೋ ವೀಣೆ ಇಸಿದುಕೊಳ್ಳಲು ಬಂದರು.

"ಇರಲಿ ಬಿಡಪ್ಪಾ," ಅಂದರು, "ಇದು ನನ್ನ ಪಾಳಿ."