ಒಳಗೆ ಬಾರದ ಬಳೆಗಾರ್ತಿ

“ಗುರುಗಳೇ, ಸಾಂಕ್ರಾಮಿಕದ ಕಾಲದಲ್ಲಿ ಎಲ್ಲರಿಗೂ ತಮ್ಮ ಜೀವದ್ದೇ ಭಯ. ಹೆದರಿದವನು ಇನ್ನೊಬ್ಬರಿಗೆ ಆಸರೆಯಾಗುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು:

ಒಂದು ಊರಿನಲ್ಲಿ ಮೌನೇಶ ಎಂಬ ಬಡಗಿ ಇದ್ದ. ಅವನಿಗೆ ರಕ್ತದ ಕ್ಯಾನ್ಸರ್ ಆಯಿತು. ಹೆಂಡತಿ ಕಾಳಮ್ಮ ಅವನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿ, ಎರಡು ತಿಂಗಳು ಹಾಸಿಗೆಯ ಪಕ್ಕದಲ್ಲೇ ಕಳೆದಳು. ಅಷ್ಟರಲ್ಲಿ ಕೊರೊನಾ ಬಂತು. “ಮುಂದಿನ ಚಿಕಿತ್ಸೆಗೆ ಒಂದು ತಿಂಗಳಿದೆ, ಅಲ್ಲಿಯವರೆಗೆ ಊರಲ್ಲಿರಿ. ಇವರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲ, ಜೋಪಾನ,” ಎಂದು ವೈದ್ಯರು ಕಳಿಸಿಕೊಟ್ಟರು.

ಬಸ್ಸುಗಳ ಓಡಾಟ ನಿಂತಿತ್ತು. ತರಕಾರಿ ಟೆಂಪೊ ಹತ್ತಿ ಇಬ್ಬರೂ ಊರು ಮುಟ್ಟಿದರೆ, ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿತ್ತು. ಊರವರು ಆಚೆಯಿಂದಲೇ ಹೇಳಿದರು: “ನೀವು ಪಟ್ಟಣದಿಂದ ಬಂದವರು. ಹದಿನಾಲ್ಕು ದಿನ ಊರ ಹೊರಗಿನ ಶಾಲೆಯಲ್ಲಿರಿ.”

ಶಾಲೆಯ ಗೇಟಿನ ಬಳಿ ಯಾರೋ ಅಕ್ಕಿಬೇಳೆ ಇಟ್ಟು ಹೋದರು. ಹತ್ತಿರ ಯಾರೂ ಬರಲಿಲ್ಲ. ಮೌನೇಶ ತಿಂದದ್ದನ್ನೆಲ್ಲ ಕಾರುತ್ತಿದ್ದ. ಕಾಳಮ್ಮ ಒರೆಸಿದಳು, ಒಗೆದಳು, ಮತ್ತೆ ಗಂಜಿ ಕಾಯಿಸಿದಳು. ಮೂರನೆಯ ದಿನ ಕಣ್ಣು ಕತ್ತಲಿಟ್ಟು, ಕಂಬ ಹಿಡಿದು ಕುಸಿದಳು.

ಆ ಸುದ್ದಿ ಹುಸೇನಬಿಯ ಕಿವಿಗೆ ಬಿತ್ತು. ಅವಳು ಊರೂರು ತಿರುಗಿ ಬಳೆ ತೊಡಿಸುವವಳು. ಮರುದಿನ ಬೆಳಿಗ್ಗೆ ಶಾಲೆಯ ಅಂಗಳಕ್ಕೆ ಬಂದು, ಮುಖಕ್ಕೆ ಸೆರಗು ಬಿಗಿದು, ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತಳು.

“ತಂಗೀ, ನಾನು ಒಳಗೆ ಬರುವುದಿಲ್ಲ. ಏನು ಬೇಕೋ ಅಲ್ಲಿಂದಲೇ ಹೇಳು.”

ಕಾಳಮ್ಮ ಮುಖ ತಿರುಗಿಸಿದಳು. “ಬರಬೇಡ ಬಿಡಕ್ಕಾ. ಎಲ್ಲರಿಗೂ ನಮ್ಮನ್ನು ಕಂಡರೆ ಭಯ.”

ಹುಸೇನಬಿ ಶಾಲೆಯ ಕೊನೆಯ ಕೋಣೆ ಗುಡಿಸಿ, ಒಬ್ಬಳೇ ಅಲ್ಲಿ ಉಳಿದಳು. ಊರಿಗೂ ಹೋಗಲಿಲ್ಲ, ಯಾರನ್ನೂ ಬಳಿ ಸೇರಿಸಲಿಲ್ಲ. ಹೊತ್ತುಹೊತ್ತಿಗೆ ಗಂಜಿ ಬೇಯಿಸಿ ಹೊಸ್ತಿಲ ಹೊರಗಿಟ್ಟು ಹಿಂದೆ ಸರಿಯುತ್ತಿದ್ದಳು. ಬಟ್ಟೆ ಒಗೆದು ಹರವುತ್ತಿದ್ದಳು. ದೂರದಿಂದ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ನೀನು ಉಂಡೆಯಾ ತಂಗೀ?”

ಒಂದು ದಿನ ಕಾಳಮ್ಮ, “ರೋಗಿ ಅವರು. ನನ್ನನ್ನು ಯಾಕೆ ಕೇಳುತ್ತೀ?” ಎಂದಳು.

“ನನ್ನ ಗಂಡನಿಗೂ ಇದೇ ಕಾಯಿಲೆ ಆಗಿತ್ತು. ಅವರು ಹೇಗಿದ್ದಾರೆ ಎಂದು ಊರೆಲ್ಲ ಕೇಳಿತು. ನನ್ನನ್ನು ಯಾರೂ ಕೇಳಲಿಲ್ಲ.”

ಕಾಳಮ್ಮ ಅವತ್ತು ಗೋಡೆಗೊರಗಿ, ಹೊಟ್ಟೆ ತುಂಬ ಉಂಡಳು.

ಇತ್ತ ದಂಪತಿಗೆ ಊರವರು ಹಾಕಿದ ಗಡುವು ಮುಗಿಯಿತು. ಜಾಲಿಮುಳ್ಳು ಸರಿಸಿ, “ಮನೆಗೆ ಬನ್ನಿ,” ಎಂದರು. ಹುಸೇನಬಿ ತಡೆದಳು. “ಇನ್ನು ನಾಲ್ಕು ದಿನ ಇಲ್ಲೇ ಇರಲಿ, ನನ್ನ ಗಡುವೂ ಮುಗಿಯಲಿ,” ಎಂದಳು. ಅಷ್ಟರಲ್ಲಿ ಅವಳು ಬಂದು ಹದಿನಾಲ್ಕು ದಿನ ತುಂಬಿದವು. ಜ್ವರವಿಲ್ಲ, ಕೆಮ್ಮಿಲ್ಲ. ಮರುದಿನ ತಲೆಗೆ ನೀರು ಹಾಕಿಕೊಂಡು, ಸೋಪು ಹಚ್ಚಿ ಕೈ ತೊಳೆದು, ಮೊದಲ ಬಾರಿಗೆ ಹೊಸ್ತಿಲು ದಾಟಿದಳು. ಮೌನೇಶನ ತಲೆಯ ಬಳಿ ಕೂತು, “ತಂಗೀ, ಇನ್ನು ನೀನು ಮಲಗು,” ಎಂದಳು.

ಕಾಳಮ್ಮ ಅಂದು ಬೆಳಿಗ್ಗೆ ಮಲಗಿದವಳು ಸಂಜೆಗೆ ಎದ್ದಳು. ಮುಂದಿನ ಚಿಕಿತ್ಸೆಗಳಿಗೆಲ್ಲ ಇಬ್ಬರು ಹೆಂಗಸರೂ ಸರದಿಯಲ್ಲಿ ಮೌನೇಶನ ಜೊತೆ ಹೋದರು. ಮರುವರ್ಷ ಅವನು ಮತ್ತೆ ಉಳಿ ಹಿಡಿದ.

ಗುರುಗಳು ಕಥೆ ಮುಗಿಸಿದರು.

“ಹಾಗಾದರೆ ಹುಸೇನಬಿಗೆ ಭಯವೇ ಇರಲಿಲ್ಲವೇ?” ಎಂದ ಶಿಷ್ಯ.

“ಎಲ್ಲರಿಗಿಂತ ಹೆಚ್ಚಿತ್ತು, ಊರೂರು ತಿರುಗಿದ ತನ್ನಿಂದ ಮೌನೇಶನಿಗೆ ಏನಾಗಿಬಿಡುತ್ತದೋ ಎಂದು.”