ಸ್ನಾನಕ್ಕೆ ಹೊರಟ ಜ್ಯೂಸ್ ಮಿಷನ್ನು

ಹಬ್ಬದ ಹಿಂದಿನ ದಿನ ಪಾತ್ರೆಗಳೆಲ್ಲ ಹುಣಸೆಹಣ್ಣಲ್ಲಿ ತಿಕ್ಕಿಸಿಕೊಂಡು ತೊಟ್ಟಿ ನೀರಲ್ಲಿ ಮುಳುಗೇಳುತ್ತಿದ್ದವು. ಮೋಸಂಬಿ ಹಿಂಡಿ ಹಿಂಡಿ ಮೈಯೆಲ್ಲ ಅಂಟಾಗಿದ್ದ ಕರೆಂಟಿನ ಜ್ಯೂಸ್ ಮಿಷನ್ನು, "ಸರಿಯಿರಿ, ನಾನೂ ಬಂದೆ!" ಎಂದು ಪ್ಲಗ್ಗನ್ನೂ ಕೀಳದೆ ಗಿರಗಿರ ತಿರುಗುತ್ತ ತೊಟ್ಟಿಯ ಅಂಚಿಗೇ ಬಂತು.

"ನಿಲ್ಲೋ ಹುಚ್ಚಪ್ಪ!" ಎಂದಿತು ಹಿತ್ತಾಳೆ ಚೊಂಬು. "ನನ್ನ ಹೊಟ್ಟೆ ಬರೀ ಟೊಳ್ಳು, ನಿನ್ನ ಹೊಟ್ಟೇಲಿ ಮೋಟರಿದೆ. ನೀರು ಹೊಕ್ಕರೆ ನೀನೂ ಸುಟ್ಟುಹೋಗ್ತೀಯ, ಮುಟ್ಟಿದವರಿಗೂ ಶಾಕು."

"ಹಾಗಾದರೆ ಹಬ್ಬಕ್ಕೆ ಕೊಳಕಾಗೇ ಇರಲಾ, ಚೊಂಬತ್ತೆ?"

"ಯಾರಂದರು? ಮೊದಲು ಪ್ಲಗ್ಗು ಕೀಳು. ತಲೆ ಮೇಲಿನ ಟೋಪಿ, ಜರಡಿ ಕಳಚಿ ಕೊಡು, ಅವು ಮುಳುಗಲಿ. ನಿನಗೆ ಹಿಂಡಿದ ಒದ್ದೆಬಟ್ಟೆ ಸಾಕು."

ಮಿಷನ್ನು ಹೇಳಿದಂತೆ ಮಾಡಿತು. ಟೋಪಿಯೂ ಜರಡಿಯೂ ಕೇಕೆ ಹಾಕಿ ನೀರಿಗೆ ಧುಮುಕಿದವು. ಇತ್ತ ಒದ್ದೆಬಟ್ಟೆ ಪಕ್ಕೆ ಸವರಿದ್ದೇ ತಡ, "ಅಯ್ಯಯ್ಯೋ, ಕಚಗುಳಿ!" ಎಂದು ಮಿಷನ್ನು ಎಲ್ಲರಿಗಿಂತ ಜೋರಾಗಿ ನಕ್ಕಿತು.